ಮೂರನೇ ಚಿತ್ರದಲ್ಲಿ ಮಸುಕಾದ ಕಲ್ಲು

ಆ ಶನಿವಾರ ಮಾಡಿದ ಕೆಲಸಗಳು: ಐದೂವರೆಗೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕಿದ್ದು. ಪಂಪು ಕೈಕೊಟ್ಟಿದ್ದರಿಂದ ಬಾವಿಯಿಂದ ಹನ್ನೊಂದು ಕೊಡ ನೀರು ಸೇದಿದ್ದು. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದು. ದೋಸೆ ಹೊಯ್ದದ್ದು; ಹದಿನಾಲ್ಕು ಬಂದವು, ಒಂದು ಕಾವಲಿಗೇ ಅಂಟಿತು. ಮುಗ್ಗಲು ಹಿಡಿದಿದ್ದ ಒಣಮೆಣಸನ್ನು ಅಂಗಳದಲ್ಲಿ ಹರವಿದ್ದು. ಎರಡು ಸಲ ಮೋಡ ಬಂತು, ಎರಡು ಸಲವೂ ಬಾಚಿ ಒಳಗೆ ತಂದದ್ದು. ಒಂಬತ್ತನೇ ತರಗತಿಯ ಇಪ್ಪತ್ತೆಂಟು ಉತ್ತರಪತ್ರಿಕೆ ತಿದ್ದಿದ್ದು. ಮನೆಯವರ ಎರಡು ಪಂಚೆಗೆ ನೀಲಿ ಹಾಕಿದ್ದು. ಕಂಪ್ಯೂಟರಿನ ಧೂಳು ಒರೆಸಿದ್ದು. ಮಧ್ಯಾಹ್ನದ ಮೇಲೆ ಆಕಾಶದ ನಾಲ್ಕು ಚಿತ್ರ ನೋಡಿದ್ದು, ಏನೂ ಕಾಣದಿದ್ದದ್ದು.

ದಿನಚರಿಯಲ್ಲಿ ಇಷ್ಟೇ ಇದೆ. 2010ರ ದಸರಾ ರಜೆಯ ಮೊದಲ ಶನಿವಾರ. ಕಡೆಯ ಸಾಲಿನ ವಿಷಯ ಅಲ್ಲಿಗೇ ಮುಗಿಯಲಿಲ್ಲವಾದ್ದರಿಂದ ಈಗ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಬೈಂದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ತವರು ಬಾರ್ಕೂರಿನ ಹೊಳೆಬದಿ. 1997ರಲ್ಲಿ ಮದುವೆಯಾಗಿ ತ್ರಾಸಿಗೆ ಬಂದೆ. ಮನೆಯವರಿಗೆ ಕಡಲ ಕೆಲಸ. ಸುತ್ತುಬಲೆ ಬಿಡುವ ಬೋಟಿನಲ್ಲಿ ಒಬ್ಬ ಮೇಲೆ ಹತ್ತಿ ನಿಂತು ನೀರು ನೋಡುತ್ತಾನೆ. ಎಲ್ಲಿ ನೀರಿನ ಬಣ್ಣ ತುಸು ಬೇರೆ, ಎಲ್ಲಿ ಒಂದು ಗಳಿಗೆ ಬೆಳ್ಳಿ ಮಿನುಗಿ ಮಾಯವಾಯಿತು, ಎಲ್ಲಿ ಗಾಳಿಯಿಲ್ಲದೆಯೂ ನೀರು ನಡುಗಿತು ಎಂದು ನೋಡಿ, ಮೀನಿನ ಗುಂಪು ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆ, ಯಾವ ಕಡೆ ಹೋಗುತ್ತಿದೆ ಎಂದು ಹೇಳುವುದು ಅವನ ಕೆಲಸ. ಅವನ ಮಾತಿನ ಮೇಲೆ ಮೂವತ್ತು ಜನ ಬಲೆ ಬಿಡುತ್ತಾರೆ. ನಮ್ಮ ಮನೆಯವರು ನಾನು ಬರುವ ಮೊದಲಿನಿಂದಲೂ ಆ ಜಾಗದಲ್ಲಿದ್ದವರು. ಬೋಟಿಗೆ ಮೀನು ತೋರಿಸುವ ಯಂತ್ರ ಬಂದ ಮೇಲೂ ತಾಂಡೇಲರು, ಅಂದರೆ ಬೋಟು ನಡೆಸುವವರು, ಯಂತ್ರ ನೋಡಿ ಆದ ಮೇಲೆ ಒಮ್ಮೆ ಕತ್ತೆತ್ತಿ ಇವರ ಮುಖ ನೋಡುತ್ತಿದ್ದರಂತೆ.

ಆ ವರ್ಷದ ಮಳೆಗಾಲದಲ್ಲಿ ಇವರ ಬಲಗಣ್ಣಿನ ಪೊರೆ ತೆಗೆಸಿ ಒಳಗೆ ಗಾಜು ಹಾಕಿಸಿದೆವು. ಇಪ್ಪತ್ತು ವರ್ಷ ಬಿಸಿಲಿಗೆ ಹೊಳೆಯುವ ನೀರು ನೋಡಿದ ಕಣ್ಣು, ಬೇಗ ಪೊರೆ ಬಂತು. ಕುಂದಾಪುರದ ಡಾಕ್ಟರು ಒಳ್ಳೆಯವರು. "ಇನ್ನು ಮೊದಲಿಗಿಂತ ಚೊಕ್ಕ ಕಾಣುತ್ತದೆ" ಎಂದರು. ಕಡಲಿಗಿಳಿಯುವ ಹೊತ್ತಿಗೆ ಇವರೂ ಹೊರಟರು. ಎರಡನೇ ದಿನವೇ ಪಡು ದಿಕ್ಕಿನಲ್ಲಿ ಗುಂಪಿದೆ ಎಂದರಂತೆ. ಬಲೆ ಬಿಟ್ಟರು, ಎಳೆದರು. ಬಂದದ್ದು ನೀರು, ಒಂದಷ್ಟು ಲೋಳೆ. ಮೋಡದ ನೆರಳು ಅದು. ದಡಕ್ಕೆ ಬಂದ ಮೇಲೆ ಯಾರೋ ತಮಾಷೆಗೆ, "ಹೊಸ ಕಣ್ಣಿಗೆ ಮೋಡವೂ ಬಂಗುಡೆ ಮೀನ್ ಹಾಂಗ್ ಕಾಂತಾ ಹ್ವಾಯ್?" ಎಂದರಂತೆ. ಅದೇ ಕೊನೆ, ಮತ್ತೆ ಬೋಟು ಹತ್ತಲಿಲ್ಲ. ಜಗಲಿಯಲ್ಲಿ ಕೂತು ಬೇರೆಯವರ ಹರಿದ ಬಲೆ ಹೆಣೆಯಲು ಶುರು ಮಾಡಿದರು. ಅಕ್ಟೋಬರಿಗೆ ಎರಡು ತಿಂಗಳಾಗಿತ್ತು.

ತಾಂಡೇಲರು ವಾರಕ್ಕೊಮ್ಮೆ ಬರುತ್ತಿದ್ದರು. ಆ ಶನಿವಾರ ಬೆಳಿಗ್ಗೆಯೂ ಬಂದಿದ್ದರು. ಇಬ್ಬರೂ ಒಂದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಹೋದವರು, ಮಾತಿನಲ್ಲಿ ಮರ್ಯಾದೆ ಇಲ್ಲ.

"ಹ್ವಾಯ್, ನೀ ಬತ್ಯಾ ಇಲ್ಯಾ? ದಶ್ಮಿ ಕಳ್ದ್ ಮೇಲೆ ನಂಗೆ ಮೇಲೆ ನಿಲ್ಲುಕೆ ಒಬ್ಬ ಜನ ಬೇಕೇ ಬೇಕ್. ಮಲ್ಪೆ ಬದಿಯವ ಒಬ್ಬ ಕೇಂತಿದ್ದ. ಅವ್ನ್ ಹತ್ರ ಹೂಂ ಅಂದ್ರೆ ಮತ್ತೆ ಈ ವರ್ಷ ಅವ್ನೇ."

"ಅವ್ನನ್ನೇ ಹತ್ಸ್ಕೋ."

"ಹತ್ಸ್ಕಂತೆ. ಅವ್ನಿಗೆ ಕಣ್ಣ್ ಇತ್ತ್, ಬಾಯಿ ಜಾಸ್ತಿ. ದಿನ ಇಡೀ ಕೇಂಬುಕೆ ನಾನಾ?"

ಇವರು ನಗಲಿಲ್ಲ. ದಶಮಿಯ ದಿನ ಹೇಳುತ್ತೇನೆ ಎಂದಷ್ಟೇ ಅಂದರು. ದಶಮಿ ಮರುವಾರದ ಭಾನುವಾರ.

ಇನ್ನು ಚಿತ್ರಗಳ ವಿಷಯ. ಹಿಂದಿನ ಬೇಸಿಗೆಯಲ್ಲಿ ಬ್ರಹ್ಮಾವರದಲ್ಲಿ ವಿಜ್ಞಾನ ಶಿಕ್ಷಕರಿಗೆ ಎರಡು ದಿನದ ತರಬೇತಿ ಇತ್ತು. ದೂರದ ದೇಶದ ದೊಡ್ಡ ದುರ್ಬೀನು ಆಕಾಶದ ಒಂದೇ ಜಾಗವನ್ನು ಸುಮಾರು ಇಪ್ಪತ್ತೈದು ನಿಮಿಷಕ್ಕೊಂದರಂತೆ ನಾಲ್ಕು ಸಲ ತೆಗೆಯುತ್ತದೆ. ಆ ನಾಲ್ಕು ಚಿತ್ರಗಳನ್ನು ಶಾಲೆಗಳಿಗೆ ಕಳಿಸುತ್ತಾರೆ. ಕಂಪ್ಯೂಟರಿನಲ್ಲಿ ಅವನ್ನು ಒಂದರ ಮೇಲೊಂದು ಬೇಗ ಬೇಗ ತಿರುಗಿಸಿದರೆ ನಕ್ಷತ್ರಗಳೆಲ್ಲ ಇದ್ದಲ್ಲೇ ಇರುತ್ತವೆ. ಯಾವ ಚುಕ್ಕೆ ನಾಲ್ಕರಲ್ಲೂ ಒಂದೇ ಗೆರೆಯಲ್ಲಿ ಸರಿಯುತ್ತದೋ ಅದು ನಕ್ಷತ್ರವಲ್ಲ, ಕ್ಷುದ್ರಗ್ರಹ. ಮಂಗಳಕ್ಕೂ ಗುರುವಿಗೂ ನಡುವೆ ಸೂರ್ಯನನ್ನು ಸುತ್ತುವ ಲಕ್ಷಾಂತರ ಕಲ್ಲುಗಳ ಪಟ್ಟಿಯಲ್ಲಿ ಒಂದು. ಮೊದಲೇ ಗೊತ್ತಿರುವ ಕಲ್ಲಾದರೆ ಪ್ರೋಗ್ರಾಮು ಅದರ ಪಕ್ಕದಲ್ಲಿ ನಂಬರು ತೋರಿಸುತ್ತದೆ. ನಂಬರಿಲ್ಲದೆ ಸರಿಯುವುದು ಕಂಡರೆ ಏಳು ದಿನದೊಳಗೆ ಅದರ ಜಾಗ, ಬೆಳಕು ಅಳೆದು ವರದಿ ಕಳಿಸಬೇಕು. ನಮ್ಮ ಶಾಲೆಯಿಂದ ಹತ್ತನೇ ತರಗತಿಯ ಮೂವರು ಹುಡುಗಿಯರು ಹೆಸರು ಕೊಟ್ಟಿದ್ದರು. ನಮ್ಮ ಪಾಲಿನ ಚಿತ್ರ ಬಂದದ್ದು ರಜೆ ಶುರುವಾದ ದಿನ. ಹಾಗಾಗಿ ನಮ್ಮ ಮನೆಯ ಕಂಪ್ಯೂಟರೇ ಗತಿ. ಮುಚ್ಚಿಹೋದ ಸೈಬರ್ ಅಂಗಡಿಯೊಂದರಿಂದ ತಂದ ಹಳೆಯ ಡಬ್ಬ, ಬಿಸಿಯಾದರೆ ಜೇನುನೊಣದ ಹಾಗೆ ಗುಂಯ್‌ಗುಡುತ್ತಿತ್ತು. ಅದನ್ನು ಚಾವಡಿಯ ಮೂಡು ಗೋಡೆಗೆ ತಾಗಿಸಿ ಇಟ್ಟಿದ್ದೆವು.

ಶನಿವಾರ ಮೂರು ಗಂಟೆಯಿಂದ ಐದರವರೆಗೆ ನೋಡಿದೆ. ಬಿಳಿ ಹಲಗೆಯ ಮೇಲೆ ಕರಿಎಳ್ಳು ಚೆಲ್ಲಿದಂತೆ ಚಿತ್ರ. ಚೆನ್ನಾಗಿ ಕಾಣಲೆಂದು ಆಕಾಶವನ್ನು ಬೆಳ್ಳಗೆ, ನಕ್ಷತ್ರಗಳನ್ನು ಕಪ್ಪಗೆ ಮಾಡಿರುತ್ತಾರೆ. ನಂಬರಿರುವ ಎರಡು ಕಲ್ಲು ಸಿಕ್ಕಿದವು. ಹೊಸದು ಇಲ್ಲ. ಕಣ್ಣುರಿ ಬಂತು. ಚಾ ಮಾಡಲು ಎದ್ದೆ. ಚಿತ್ರಗಳು ತಿರುಗುತ್ತಲೇ ಇದ್ದವು.

ಮನೆಯವರು ಬಲೆಯ ನೂಲು ಹುಡುಕುತ್ತಾ ಒಳಗೆ ಬಂದವರು ಬಾಗಿಲಲ್ಲೇ ನಿಂತರು. ನಾನು ಲೋಟ ಹಿಡಿದು ಬಂದಾಗಲೂ ಅಲ್ಲೇ ಇದ್ದರು.

"ಎಂತ ಇದ್?"

"ಆಕಾಶ. ಜಾಗ ಬಿಟ್ಟ್ ಸರಿತಾ ಇಪ್ಪುದ್ ಎಂತಾರೂ ಇತ್ತಾ ಕಾಂಬುದು. ಎರಡೇ ಇಪ್ಪುದ್."

"ಎರಡಲ್ಲ. ಅಲ್ಲೊಂದ್ ಹೋತಾ ಇತ್ತಲೆ."

"ಎಲ್ಲಿ?"

"ತೆಂಕ್ ಬದಿಗೆ. ಅಂಚ್ ಹತ್ರ. ತೆಂಕಕ್ಕೇ ಹೋತಾ ಇತ್ತ್."

"ಇಲ್ಲಿ ಬಂದ್ ಬೆರಳ್ ಇಟ್ಟ್ ತೋರ್ಸಿ ಕಾಂಬ."

"ಬೆರಳ್ ತೋರ್ಸುದಾ?" ಎಂದು ನನ್ನನ್ನು ನೋಡಿದ ನೋಟ, ನಾನೇನೋ ಮನೆಯ ದೀಪ ಊದಿ ಆರಿಸಿದ ಹಾಗೆ.

ಸೌತೆಯ ಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ತೋರಿಸಲೇಬೇಕಾದರೆ ಬೆರಳು ಮಡಚಿ ತೋರಿಸಬೇಕು. ಇವರ ಮನೆಯಲ್ಲಿ ಅದು ಮೀನಿಗೂ ಉಂಟು. ಕಂಡ ಗುಂಪಿಗೆ ಬೆರಳು ಮಾಡಿದರೆ ಚದುರಿ ಹೋಗುತ್ತದೆ. ದಿಕ್ಕು ಹೇಳಬೇಕು, ಅಷ್ಟೇ. ಇವರು ಬೋಟಿನ ಮೇಲೆ ಇಪ್ಪತ್ತು ವರ್ಷ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತವರು. ಮನೆಯ ಕಂಪ್ಯೂಟರಿನ ಮುಂದೆಯೂ ಹಾಗೇ ನಿಂತಿದ್ದರು.

"ಆಯ್ತ್, ದಿಕ್ಕ್ ಹೇಳಿದ್ರಿ. ಹ್ಯಾಂಗಿತ್ತ್?"

"ಮೊದ್ಲ್ ಚಲೋ ಕಾಂತ್. ಮೂರ್ನೇದ್ರಗೆ ಮಸ್ಕಾತ್ತ್, ಇಲ್ಲ ಅಂಬಷ್ಟ್. ಮತ್ತೆ ನಾಲ್ಕನೇದ್ರಗೆ ಬತ್ತ್." ಇನ್ನೊಂದು ಸುತ್ತು ನೋಡಿ, "ಮೀನ್ ಮೊಗ್ಚಿದ್ರೆ ಹಾಂಗೆ. ಹೊಟ್ಟಿ ಬದಿ ಬಂದ್ರೆ ಮಿನ್ಗತ್ತ್, ಬೆನ್ನ್ ಬಂದ್ರೆ ಮಸ್ಕ್. ಅಲ್ಲೇ ಇರತ್ತ್, ಹೋತಿಲ್ಲೆ." ಮತ್ತೆ ಇನ್ನೂ ತಗ್ಗಿದ ದನಿಯಲ್ಲಿ, "ಇಲ್ದಿರೆ ನನ್ನ ಕಣ್ಣೇ ಮಸ್ಕಾಪುದಾ ಏನೋ."

ಅಷ್ಟು ಹೇಳಿ ನೂಲಿನುಂಡೆ ತೆಗೆದುಕೊಂಡು ಜಗಲಿಗೆ ಹೋದರು. ಆ ಕೊನೆಯ ಮಾತು ನನಗೆ ಕೇಳಿಸಿತೆಂದು ಅವರಿಗೂ ಗೊತ್ತಿತ್ತು. ಎರಡು ತಿಂಗಳಲ್ಲಿ ಕಣ್ಣಿನ ವಿಷಯ ಅವರಾಗಿ ಎತ್ತಿದ್ದು ಅದೇ ಮೊದಲು.

ಬ್ರಹ್ಮಾವರದಲ್ಲಿ ಕಲಿಸಿದ್ದು ನನಗೆ ಬಾಯಿಪಾಠ: ಚಿತ್ರದಲ್ಲಿ ಮೇಲೆ ಬಡಗು, ಕೆಳಗೆ ತೆಂಕು. ಹಾಗಾಗಿ ಚಿತ್ರದ ಕೆಳ ಅಂಚನ್ನು ಹಿಡಿದು ಕೂತೆ. ಭಾನುವಾರ ಬೆಳಿಗ್ಗೆ ಸಿಕ್ಕಿತು. ಕೆಳಗೆ, ಅಂಚಿಗೆ ಹತ್ತಿರ, ಒಂದು ಮಸುಕು ಚುಕ್ಕೆ. ಒಂದನೆಯದರಲ್ಲಿ ಇದೆ, ಎರಡನೆಯದರಲ್ಲಿ ಕೊಂಚ ಕೆಳಗೆ ಇದೆ, ಮೂರನೆಯದರಲ್ಲಿ ಇಲ್ಲ, ನಾಲ್ಕನೆಯದರಲ್ಲಿ ಇನ್ನೂ ಕೆಳಗೆ ಇದೆ. ಅವರು ಹೇಳಿದ ಹಾಗೆಯೇ! ಮೂವರು ಹುಡುಗಿಯರನ್ನೂ ಫೋನು ಮಾಡಿ ಕರೆಸಿದೆ. ಅವರು ಬಂದು, ಅಳೆದು, ನಾನು ಕೊಟ್ಟ ಅವಲಕ್ಕಿ ತಿಂದು, ವರದಿ ಕಳಿಸಿ ಹೋದರು. ಮನೆಯವರನ್ನು ಕರೆದು ತೋರಿಸಬೇಕೆಂದು ನನಗೆ ತೋಚಲೇ ಇಲ್ಲ. ಅವರು ತೋರಿಸಿದ್ದನ್ನೇ ಅವರಿಗೆ ತೋರಿಸುವುದೇನು ಎಂದುಕೊಂಡೆ. ಜಗಲಿಗೆ ಹೋಗಿ, "ಸಿಕ್ತ್ ಕಾಣಿ. ನೀವ್ ಹೇಳಿದಲ್ಲೇ" ಎಂದಾಗ ಅವರು ತಲೆ ಎತ್ತದೆ, "ಹೌದಾ" ಎಂದರು. ಆದರೆ ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಬುಧವಾರ ಉತ್ತರ ಬಂತು. ನೀವು ಕಳಿಸಿದ ಜಾಗದಲ್ಲಿ ಯಾವ ಕಾಯವೂ ಇಲ್ಲ, ಅದು ಕ್ಯಾಮೆರಾದ ಗದ್ದಲ, ಪ್ರಯತ್ನ ಮುಂದುವರಿಸಿ ಎಂದು. ಗದ್ದಲವೆಂದರೆ ಅಲ್ಲೊಂದು ಇಲ್ಲೊಂದು ತಾನಾಗಿ ಮೂಡುವ ಕಲೆ. ಮೂರು ಕಲೆ ಅಕಸ್ಮಾತ್ತಾಗಿ ಗೆರೆಯಲ್ಲಿ ಬಿದ್ದಿದ್ದವು, ಅಷ್ಟೇ. ನಾನು ಹೇಳದೆ ಇರಬಹುದಿತ್ತು. ಆದರೆ ಅವರು ಎರಡು ದಿನದಿಂದ, "ಎಂತಾರೂ ಬಂತಾ?" ಎಂದು ಸಂಜೆ ಹೊತ್ತಿಗೆ ಕೇಳುತ್ತಿದ್ದರು. ಹೇಳಿದೆ.

"ನಾ ಹೇಳ್ಲಿಲ್ಯಾ," ಎಂದರು. "ಕಣ್ಣಲ್ಲ ಇದ್, ಗಾಜ್. ಅಲ್ಲೂ ಮೋಡ, ಇಲ್ಲೂ ಮೋಡ."

"ನಾಲ್ಕ್ ಚುಕ್ಕಿ ಕಂಡ್ ಹೇಳಿದ್ದಕ್ಕೆ ಕಣ್ಣ್ ಹೋಯ್ತ್ ಅಂತ ಆತ್ತಾ?"

"ದಶ್ಮಿ ತನ್ಕ ಕಾವುದ್ ಬ್ಯಾಡ ಅಂತ ತಾಂಡೇಲಂಗೆ ಹೇಳಿ ಬತ್ತೆ ನಾಳೆ."

ಗುರುವಾರ ಹೋಗಲಿಲ್ಲ, ತಾಂಡೇಲರು ಮಂಗಳೂರಿಗೆ ಹೋಗಿದ್ದರಂತೆ. ಶುಕ್ರವಾರ ಊಟವಾದ ಮೇಲೆ ಹೋಗುತ್ತೇನೆ ಎಂದು ಇಸ್ತ್ರಿ ಮಾಡಿದ ಅಂಗಿಯನ್ನು ಬಾಗಿಲ ಮೊಳೆಗೆ ಸಿಕ್ಕಿಸಿಟ್ಟರು.

ಶುಕ್ರವಾರ ಮಧ್ಯಾಹ್ನ ನಾವು ಮೂವರೂ ಅಡುಗೆಮನೆಯಲ್ಲೇ ಊಟಕ್ಕೆ ಕೂತಿದ್ದೆವು. ಸೌತೆಕಾಯಿ ಹುಳಿ, ಉಪ್ಪಿನಕಾಯಿ. ಹಬ್ಬದ ದಿನಗಳಾದ್ದರಿಂದ ಮೀನಿಲ್ಲ. ಅತ್ತೆಗೆ ಉಪ್ಪು ಕಡಿಮೆಯೆನಿಸಿತು. ನಾನು ಎಡಗೈಯಿಂದ ಉಪ್ಪಿನ ಭರಣಿಗಾಗಿ ತಡಕಾಡುತ್ತಿದ್ದೆ.

"ಎಂತ ಹೆಣ್ಣೇ, ಹುಡ್ಕುದ್ ಎಲ್ಲಿ ನೀನ್? ತೆಂಕ್ ಬದಿಗೆ ಇತ್ತಲೆ, ಮೊಣಗಂಟ್ ಹತ್ರ," ಎಂದರು ಅತ್ತೆ.

ನಾನು ಬಲಕ್ಕೆ ತಿರುಗಿ ಭರಣಿ ಎತ್ತಿದೆ. ಎತ್ತಿದವಳು ಹಾಗೇ ಕೂತೆ. ನಾನು ಮೂಡು ಮುಖ ಮಾಡಿ ಕೂತಿದ್ದೆ, ತೆಂಕು ನನ್ನ ಬಲಕ್ಕಿತ್ತು. ಹುಟ್ಟಿದಂದಿನಿಂದ ನಾವು ಹೀಗೇ ಮಾತಾಡುವವರು. ಚಮಚ ಪಡು ಬದಿಗಿದೆ, ಬೆಕ್ಕು ಬಡಗು ಬದಿಗೆ ಮಲಗಿದೆ, ಸ್ವಲ್ಪ ಮೂಡಕ್ಕೆ ಸರಿದು ಕೂತುಕೋ. ಎಡ ಬಲ ಶಾಲೆಗೆ ಹೋದ ಮೇಲೆ ಕಲಿತದ್ದು. ಅವತ್ತು ಕಂಪ್ಯೂಟರಿನ ಮುಂದೆಯೂ ನಾನು ಮೂಡು ಗೋಡೆಗೇ ಮುಖ ಮಾಡಿದ್ದೆ. ಬಾಗಿಲಲ್ಲಿ ನಿಂತ ಮನುಷ್ಯ ತೆಂಕು ಎಂದರೆ ಕುಂದಾಪುರದ ಕಡೆಯ ತೆಂಕು, ಮನೆಯ ತೆಂಕು, ಪರದೆಯ ಬಲಗಡೆ. ನಾನು ಚಿತ್ರದ ತೆಂಕು ಹುಡುಕುತ್ತ ಕೆಳಗೆ ನೋಡಿದ್ದೆ. ಅಡುಗೆಮನೆಯಲ್ಲಾಗಿದ್ದರೆ ತಪ್ಪುತ್ತಿರಲಿಲ್ಲ. ಆ ಕುರ್ಚಿಯಲ್ಲಿ ಕೂತದ್ದು ಟೀಚರು, ಅವಳು ತಪ್ಪಿದಳು.

"ಉಪ್ಪ್ ಕೊಡ್ತ್ಯಾ, ಇಲ್ದಿರೆ ಭರಣಿ ಆರ್ತಿ ಎತ್ತುದಾ?" ಎಂದರು ಅತ್ತೆ.

ಕೈ ತೊಳೆದು ಚಾವಡಿಗೆ ಹೋದೆ. ಕಂಪ್ಯೂಟರು ಎದ್ದೇಳಲು ಏಳೆಂಟು ನಿಮಿಷ ಬೇಕು. ಅಷ್ಟರಲ್ಲಿ ಎರಡು ಸಲ ಕುರ್ಚಿಯಿಂದ ಎದ್ದು ಕೂತೆ. ಚಿತ್ರ ತಿರುಗಿಸಿದೆ. ಬಲ ಅಂಚಿನಿಂದ ಎರಡು ಬೆರಳು ಒಳಗೆ, ಒಂದು ಜೋಡಿ ನಕ್ಷತ್ರದ ಪಕ್ಕದಲ್ಲಿ ಅದು ಹೋಗುತ್ತಿತ್ತು. ಮೊದಲನೆಯದರಲ್ಲಿ ಚೊಕ್ಕ. ಎರಡನೆಯದರಲ್ಲಿ ತುಸು ಇಳಿದ ಬೆಳಕು. ಮೂರನೆಯದರಲ್ಲಿ ಇದೆಯೋ ಇಲ್ಲವೋ ಎಂಬ ಉಸಿರಿನಷ್ಟು. ನಾಲ್ಕನೆಯದರಲ್ಲಿ ಮತ್ತೆ. ಗೆರೆ ನೇರ, ಹೆಜ್ಜೆ ಸಮ. ಪಕ್ಕದಲ್ಲಿ ನಂಬರಿಲ್ಲ. ಶನಿವಾರ ನಾನು ಎರಡು ಗಂಟೆ ಕೂತು ನೋಡಿದ ಅದೇ ಚಿತ್ರ. ಮೂರನೆಯದರಲ್ಲಿ ತಪ್ಪಿಹೋಗುತ್ತಿದ್ದದ್ದನ್ನು ನನ್ನ ಕಣ್ಣು ಪ್ರತಿಸಲವೂ ಗದ್ದಲದ ಲೆಕ್ಕಕ್ಕೆ ಸೇರಿಸಿ ಬಿಟ್ಟಿತ್ತು.

ಅವರು ಅಂಗಿ ತೊಡುತ್ತಿದ್ದರು.

"ಹ್ವಾಯ್, ಒಂದ್ ಗಳ್ಗಿ ಇಲ್ಲಿ ಬನ್ನಿ."

"ಹೋಯ್ಕ್ ನಂಗೆ."

"ಹೋಯ್ಲಕ್. ಬಂದ್ ಕಂಡ್ಕಂಡ್ ಹೋಯ್ನಿ. ಅವತ್ತ್ ನೀವ್ ಹೇಳಿದ್ ಯಾವ್ದ್? ಬೆರಳ್ ತೋರ್ಸುದ್ ಬ್ಯಾಡ. ನಾ ಬಾಣ ಸರ್ಸ್ತೆ, ಹತ್ರ ಬಂದಾಗ ಹೂಂ ಅನ್ನಿ."

ನಾನು ಬೇಕೆಂದೇ ಮೌಸಿನ ಬಾಣವನ್ನು ಮೊದಲು ಚಿತ್ರದ ಕೆಳಗೆ ಒಯ್ದೆ, ಭಾನುವಾರದ ಜಾಗಕ್ಕೆ.

"ಅಲ್ಲಿ ಎಂತ ಇತ್ತ್, ಮಣ್ಣ್?" ಎಂದರು. "ತೆಂಕ್ ಬದಿ ಅಂತ ಹೇಳ್ಲಿಲ್ಯಾ ನಾನ್. ನೀನ್ ಭೂಮಿ ಒಳ್ಗೆ ಹೋತಾ ಇದ್ದಿ."

ಬಾಣವನ್ನು ಮೆಲ್ಲಗೆ ಬಲಕ್ಕೆ ತಂದೆ. ಅವರು ಬೆನ್ನ ಹಿಂದೆ ಕೈ ಕಟ್ಟಿಕೊಂಡರು. ಆ ಚುಕ್ಕೆಯ ಬಳಿ ಬಂದಾಗ ಗಲ್ಲವನ್ನು ಒಂದಿಷ್ಟು ಎತ್ತಿದರು. ಅಷ್ಟೇ ಸಾಕಾಯಿತು.

"ಹಂಗಾರೆ ಭಾನುವಾರ ಕಳ್ಸಿದ್ದ್ ಯಾವ್ದ್?"

"ಅದ್ ನನ್ನ್ ತಪ್ಪ್."

ನಾನು ಹೇಗೆ ತಪ್ಪಿದೆ ಎಂದು ವಿವರಿಸಿದೆ. ಅವರು ಕೇಳಿಸಿಕೊಂಡರು, ನಗಲಿಲ್ಲ. ಅವರಿಗೆ ಬೇಕಾದದ್ದು ಅದಲ್ಲ. ಮೂರನೇ ಚಿತ್ರವನ್ನು ನಿಲ್ಲಿಸಲು ಹೇಳಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು.

"ನಿಂಗೂ ಮಸ್ಕ್ ಕಾಂತಾ ಇದ್?"

"ಕಾಂತ್. ನಂಗೆ ಇಲ್ಲ ಅಂಬಷ್ಟೇ ಕಾಂತ್."

"ನಿಂದ್ ಬಿಡ್, ನಿಂಗೂ ಕನ್ನಡ್ಕ. ಮೆಶೀನಿಗೆ?"

ಪ್ರೋಗ್ರಾಮು ಬೆಳಕನ್ನು ಅಂಕಿಯಲ್ಲಿ ಹೇಳುತ್ತದೆ. ಒಂದೊಂದೇ ಚಿತ್ರದಲ್ಲಿ ಚುಕ್ಕೆಯ ಮೇಲೆ ಒತ್ತಿದೆ. ಈ ಲೆಕ್ಕದಲ್ಲಿ ಅಂಕಿ ಹೆಚ್ಚಾದಷ್ಟೂ ಬೆಳಕು ಕಡಿಮೆ. ಮೂರನೆಯದರಲ್ಲಿ ಅಂಕಿ ಒಂದರಷ್ಟು ಏರಿತ್ತು. ಅಂದರೆ ಬೆಳಕು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಪಕ್ಕದ ಐದು ನಕ್ಷತ್ರಗಳನ್ನೂ ಅಳೆದೆ. ಅವು ನಾಲ್ಕರಲ್ಲೂ ಇದ್ದ ಹಾಗೇ ಇದ್ದವು. ಚಿತ್ರ ಮಂಕಾಗಿರಲಿಲ್ಲ, ಮೋಡ ಬಂದಿರಲಿಲ್ಲ. ಮಸುಕಾದದ್ದು ಅದೊಂದೇ.

"ಮೆಶೀನಿಗೂ ಮಸ್ಕೇ," ಎಂದೆ. "ಅದೇ ಮಸ್ಕಾದ್ದ್. ನಿಮ್ಮ್ ಕಣ್ಣಲ್ಲ."

ಅವರು ಕುರ್ಚಿಯ ಬೆನ್ನು ಹಿಡಿದು ಇನ್ನೆರಡು ಸಲ ಚಿತ್ರ ತಿರುಗಿಸಲು ಹೇಳಿದರು. ಆಮೇಲೆ ಅಂಗಿಯನ್ನು ಬಿಚ್ಚಿ ಮೊಳೆಗೆ ಸಿಕ್ಕಿಸಿ, ಹೊರಗೆ ಹೋಗಿ ಬಾವಿಕಟ್ಟೆಯಲ್ಲಿ ಮುಖ ತೊಳೆದರು. ತಾಂಡೇಲರ ಮನೆಗೆ ಆ ದಿನ ಹೋಗಲಿಲ್ಲ.

ಹುಡುಗಿಯರು ಶನಿವಾರ ಬೆಳಿಗ್ಗೆ ಓಡಿ ಬಂದರು. ಏಳನೇ ದಿನ ಅದು. ಮೂರು ಸಲ ಅಳೆಸಿ, ಹೊಸ ವರದಿ ಹೋಯಿತು. ವರದಿಯಲ್ಲಿ ಕಂಡವರ ಹೆಸರೂ ಬರೆಯಬೇಕು. "ಮಾಮನ ಹೆಸ್ರ್ ಹಾಕ್ವ ಟೀಚರ್" ಎಂದು ಅವರಲ್ಲೊಬ್ಬಳು ಅಂದಳು. ಜಗಲಿಯಿಂದಲೇ ಉತ್ತರ ಬಂತು: "ಬ್ಯಾಡ ಮಕ್ಳೆ. ಕಲ್ಲ್ ಹಿಡ್ದವ ಅಂತ ಬಂದರಗೆ ಗೊತ್ತಾರೆ ನಂಗೆ ಅದೇ ಹೆಸರಾತ್ತ್."

ಆ ಕಲ್ಲಿನ ಬಗ್ಗೆ ಮುಂದಿನ ವರ್ಷಗಳಲ್ಲಿ ತಿಳಿದದ್ದನ್ನು ಇಲ್ಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮರೆಯುತ್ತೇನೆ.

ನಮ್ಮ ವರದಿಯನ್ನು ಒಪ್ಪಿದರು. ಬೇರೆ ಬೇರೆ ದೇಶದ ದುರ್ಬೀನುಗಳು ಅದನ್ನು ಹಿಂಬಾಲಿಸಿ ನೋಡಿದ ಮೇಲೆ ಇಸವಿಯೂ ಎರಡು ಅಕ್ಷರವೂ ಸೇರಿದ ತಾತ್ಕಾಲಿಕ ಹೆಸರು ಕೊಟ್ಟರು. ಶಾಶ್ವತ ನಂಬರು ಸಿಗಲು ಅದು ಸೂರ್ಯನ ಸುತ್ತ ಹೋಗಿ ಮತ್ತೆ ಮತ್ತೆ ಕಾಣಬೇಕು, ದಾರಿ ಗಟ್ಟಿಯಾಗಬೇಕು. ಒಂದು ಸುತ್ತಿಗೆ ನಾಲ್ಕು ವರ್ಷಕ್ಕಿಂತ ಸ್ವಲ್ಪ ಹೆಚ್ಚು ತೆಗೆದುಕೊಳ್ಳುತ್ತದೆ. ಹಾಗಾಗಿ ನಂಬರು ಬರುವ ಹೊತ್ತಿಗೆ ಆ ಮೂವರು ಹುಡುಗಿಯರಲ್ಲಿ ಒಬ್ಬಳು ಶಂಕರನಾರಾಯಣದಲ್ಲಿ ನರ್ಸು, ಒಬ್ಬಳಿಗೆ ಮಗು, ಇನ್ನೊಬ್ಬಳು ನನ್ನಂತೆಯೇ ಬಿ.ಎಡ್. ಮಾಡಿ ಕೂತಿದ್ದಳು.

ಅದು ಎಷ್ಟು ದೊಡ್ಡದು ಎಂದು ಬೆಳಕು ನೋಡಿ ಮಾತ್ರ ಹೇಳುವ ಹಾಗಿಲ್ಲ. ಕಪ್ಪು ಕಲ್ಲಾದರೆ ದೊಡ್ಡದಿದ್ದೂ ಮಂಕು, ಬಿಳಿ ಕಲ್ಲಾದರೆ ಚಿಕ್ಕದಿದ್ದೂ ಹೊಳಪು. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ಮಕ್ಕಳಿಗೆ ಹತ್ತುವುದಿಲ್ಲ. ಮನೆಯವರು ಒಂದೇ ಸಲಕ್ಕೆ ಹೂಂ ಎಂದರು. ಆಳದಲ್ಲಿರುವ ದೊಡ್ಡ ಗುಂಪೂ ಮೇಲಿರುವ ಸಣ್ಣ ಗುಂಪೂ ದೂರಕ್ಕೆ ಒಂದೇ ಥರ ಕಾಣುತ್ತದಂತೆ. ಆಮೇಲೆ ಅದರ ಶಾಖವನ್ನೂ ಬಣ್ಣವನ್ನೂ ಅಳೆದವರಿಂದ ತಿಳಿಯಿತು: ಅದು ಇದ್ದಿಲಿನಂಥ ಕರಿಕಲ್ಲಲ್ಲ, ಕೊಂಚ ಕೆಂಪು ಛಾಯೆಯ ಗಟ್ಟಿ ಕಲ್ಲಿನ ಜಾತಿ. ಬಿದ್ದ ಬಿಸಿಲಿನಲ್ಲಿ ಐದರಲ್ಲಿ ಒಂದು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಉದ್ದಕ್ಕೆ ಮೂರು ನಾಲ್ಕು ಕಿಲೋಮೀಟರು ಇರಬಹುದು, ಅಗಲ ಅದರ ಅರ್ಧದಷ್ಟೂ ಇಲ್ಲ. ಅತ್ತೆಗೆ ನಾನು, "ತ್ರಾಸಿಯಿಂದ ಮರವಂತೆ ತನ್ಕ ಉದ್ದ ಅತ್ಯಿ" ಎಂದು ಹೇಳಿದಾಗ, "ಅಷ್ಟೇಯಾ? ಬಸ್ಸಗೆ ಕೂಕಂಬುದ್ರೊಳ್ಗೆ ಮುಗಿತ್" ಎಂದರು. ಗಾಳಿ ಇಲ್ಲ, ನೀರಿಲ್ಲ. ಹತ್ತಿರದಿಂದ ಯಾರೂ ನೋಡಿಲ್ಲ.

ಬೆಳಕು ಏರಿಳಿಯುವುದನ್ನು ಯಾರೋ ಹವ್ಯಾಸಿಯೊಬ್ಬರು ಹಲವು ದಿನ ಕೂತು ಅಳೆದು ಒಂದು ಗೆರೆ ಎಳೆದಿದ್ದರು. ಗೆರೆಯಲ್ಲಿ ಎರಡು ಗುಡ್ಡ, ಎರಡು ಕಣಿವೆ. ಕಲ್ಲು ಗೆಣಸಿನ ಹಾಗೆ ಉದ್ದ. ಉದ್ದದ ಮೈ ನಮ್ಮ ಕಡೆ ಬಂದಾಗ ಹೊಳಪು, ತುದಿ ನಮ್ಮ ಕಡೆ ತಿರುಗಿದಾಗ ಮಸುಕು. ಸುಮಾರು ಮೂರೂವರೆ ಗಂಟೆಗೆ ಒಂದು ಸಲ ಮಗುಚುತ್ತದೆ. ಆ ಗೆರೆಯನ್ನು ನಾನು ಶಾಲೆಯಲ್ಲಿ ಪ್ರಿಂಟು ಹಾಕಿಸಿ ತಂದು ಕೊಟ್ಟಾಗ ಮನೆಯವರು ಕೈಯಳತೆ ದೂರಕ್ಕೆ ಹಿಡಿದು ನೋಡಿ, "ಮೀನಿಗಿಂತ ಸಾವ್ಕಾಶ" ಎಂದರು. ಆ ಕಾಗದ ನನ್ನ ಬೀರುವಿನಲ್ಲಿದೆ. ಒಂದು ಮೂಲೆ ಜಿರಲೆ ತಿಂದಿದೆ.

ಇನ್ನು ಆ ವಾರದ ಉಳಿದ ಮಾತು. ದಶಮಿಯ ಭಾನುವಾರ ತಾಂಡೇಲರೇ ಮನೆಗೆ ಬಂದರು. ಮನೆಯವರು ಬಲೆ ಹೆಣೆಯುತ್ತ ಕೂತಿದ್ದವರು ಸೂಜಿ ಕೆಳಗಿಡದೆ, "ನಾಳೆ ಎಷ್ಟೊತ್ತಿಗೆ?" ಎಂದರು.

ತಾಂಡೇಲರು ನನ್ನ ಮುಖ ನೋಡಿದರು. "ಎಂತ ಟೀಚರ್, ಎಂತ ಮದ್ದ್ ಹಾಕಿದ್ರಿ ಇವ್ನಿಗೆ?"

"ನಾನ್ ಹಾಕಿದ್ದಲ್ಲ."

"ಮತ್ತೆ ಮೋಡ ತೋರ್ಸ್ರೆ ಸಮಾ ಕೇಂತೆ ಕಾಣ್," ಎಂದರು ಇವರಿಗೆ.

"ತೋರ್ಸುದೇ. ಮೋಡವೂ ಇರತ್ತಲೆ ಕಡ್ಲಗೆ. ಒಂದೆರಡ್ ತಪ್ಪತ್ತ್. ಮೊದ್ಲೂ ತಪ್ತಿತ್ತ್, ಆಗ ನಿಮ್ಗೆ ನಗುಕೆ ಕಾರಣ ಇರ್ಲಿಲ್ಲೆ."

ಈ ಮಾತು ನನಗೂ ಹೊಸದು. ಪೊರೆ ಬರುವ ಮೊದಲು, ಕಣ್ಣು ಚುರುಕಾಗಿದ್ದ ವರ್ಷಗಳಲ್ಲೂ ಬಲೆ ಖಾಲಿ ಬಂದದ್ದುಂಟು. ಎರಡು ತಿಂಗಳು ನಮ್ಮಲ್ಲಿ ಯಾರಿಗೂ, ಅವರಿಗೂ, ಅದು ನೆನಪಾಗಿರಲಿಲ್ಲ.

ಸೋಮವಾರ ನಸುಕಿಗೆ ಹೋದರು. ನಾನು ಎಂದಿನಂತೆ ಎಲ್ಲಿಗೆ, ಎಷ್ಟೊತ್ತಿಗೆ ಎಂದು ಕೇಳಲಿಲ್ಲ. ಕಡಲಿಗೆ ಹೊರಟವರನ್ನು ಕೇಳುವ ಪದ್ಧತಿಯಿಲ್ಲ. ಇಡೀ ದಿನ ರಜೆಯ ಕೆಲಸಗಳನ್ನು ಮಾಡಿದೆ. ಪಂಪಿನವನು ಬಂದು ಸರಿ ಮಾಡಿ ಹೋದ. ಮೆಣಸು ಒಣಗಿತು. ಅತ್ತೆ ಮೂರು ಗಂಟೆಯಿಂದಲೇ ಜಗಲಿಯ ಕಂಬಕ್ಕೆ ಒರಗಿ, ಹೆದ್ದಾರಿಯ ಕಡೆ ನೋಡುತ್ತ, "ಬಿಸ್ಲ್ ಕಾಯ್ಸುದ್ ನಾನ್, ಅವ್ನ್ ಕಾಂಬುಕಲ್ಲ" ಎಂದು ತಾವಾಗಿಯೇ ಹೇಳಿದರು.

ಆರು ಗಂಟೆಗೆ ಬಂದರು. ಕೈಯಲ್ಲಿ ಬಾಳೆ ಹಗ್ಗದಲ್ಲಿ ಪೋಣಿಸಿದ ಬಂಗುಡೆ, ಹನ್ನೆರಡಿದ್ದವು. ಮುಖ ಉಪ್ಪುಗಟ್ಟಿತ್ತು, ಕಣ್ಣು ಎರಡೂ ಕೆಂಪಗಿದ್ದವು. ಎರಡೂ ಒಂದೇ ಥರ ಕೆಂಪಾಗಿವೆಯೇ ಎಂದು ನಾನು ಕದ್ದು ನೋಡಿದೆ, ಆಗಿದ್ದವು.

"ಹ್ಯಾಂಗಾಯ್ತ್?" ಎಂದರು ಅತ್ತೆ.

"ಎರಡ್ ಸಲ ಅನ್ಮಾನ ಬಂತ್, ಹೇಳ್ಲಿಲ್ಲೆ. ಒಂದ್ ಸಲ ಅನ್ಮಾನ ಬಂತ್, ಹೇಳ್ದೆ."

"ಬಂತಾ?"

"ಬಂತ್. ದೊಡ್ಡದಲ್ಲ. ಮಧ್ಯಮ."

ಮಧ್ಯಮ ಎಂದರೆ ಮಧ್ಯಮವೇ. ಇವರು ಮೀನಿನ ವಿಷಯದಲ್ಲಿ ಹೆಚ್ಚಿಸಿ ಹೇಳುವವರಲ್ಲ. ಸಂಜೆ ನಾನು ಮೀನು ಕೊಯ್ಯುವಾಗ ತಾಂಡೇಲರು ಫೋನು ಮಾಡಿ, ಮಲ್ಪೆಯವನಿಗೆ ಬೇಡವೆಂದು ಹೇಳಿದ್ದಾಗಿ ತಿಳಿಸಿದರು.

ಎಂಟು ಬಂಗುಡೆ ಗಸಿಗೆ, ನಾಲ್ಕು ಕಾವಲಿಗೆ. ಹೊಸದಾಗಿ ಒಣಗಿದ ಮೆಣಸನ್ನೇ ಕೊತ್ತಂಬರಿಯೊಂದಿಗೆ ಹುರಿದು, ಹುಣಸೆ ಸ್ವಲ್ಪ ಹೆಚ್ಚೇ ಹಾಕಿ ಅರೆದೆ. ಕುಚ್ಚಲಕ್ಕಿ ಅನ್ನ ಬಿಸಿಯಿತ್ತು. ಅವರು ಮೂರು ಸಲ ಬಡಿಸಿಕೊಂಡರು. ಅತ್ತೆ ಮುಳ್ಳು ಬಿಡಿಸಿಕೊಂಡು ಒಂದೂವರೆ ಮೀನು ತಿಂದರು, ಖಾರ ಜಾಸ್ತಿಯಾಯಿತೆಂದು ಬೈದು ಉಳಿದರ್ಧವನ್ನೂ ತಿಂದರು. ನನಗೆ ತಲೆಯ ಭಾಗ ಇಷ್ಟ, ಎರಡು ತಲೆ ಸಿಕ್ಕಿದವು. ನಾನು ಪಾತ್ರೆ ತೊಳೆದು ಬರುವಾಗ ಎಂಟೂವರೆ. ಮನೆಯವರು ಚಾಪೆ ಹಾಸಿ, ಮೂಡಕ್ಕೆ ತಲೆಯಿಟ್ಟು, ದಿಂಬೂ ಇಲ್ಲದೆ ನಿದ್ದೆ ಹೋಗಿದ್ದರು. ಅವರ ಗೊರಕೆ ಕೇಳುತ್ತ ಅತ್ತೆ ಒಂದರ್ಧ ಗಂಟೆ ಎಲೆಅಡಿಕೆ ಜಗಿದು ಮಲಗಿದರು. ನಾನು ದಿನಚರಿ ಬರೆದು ದೀಪ ಆರಿಸಿದೆ.